ಕಂಬಿ ಮುರಿದ ವರ್ಷ

ನಮ್ಮ ಭಾವನ ಬಗ್ಗೆ ಹೇಳಲು ಹೊರಟಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ಕನಿಕರ. ಎರಡೂ ಇಳಿದ ಮೇಲೆ ಬರೀ ಸುಸ್ತು ಉಳಿಯುತ್ತದೆ. ಅವರ ಜೊತೆ ಒಡನಾಡಿದವರಿಗೆಲ್ಲ ಈ ಸುಸ್ತು ಅಷ್ಟಿಷ್ಟು ಅಂಟಿಕೊಂಡಿದೆ. ಅವರನ್ನು ಕಟ್ಟಿಕೊಂಡ ನಮ್ಮಕ್ಕನಿಗಂತೂ ಅದು ಮೈಗೇ ಹತ್ತಿಬಿಟ್ಟಿದೆ.

ನಾನು ಕನ್ನಡಕದ ಅಂಗಡಿಯವನು. ಯಂತ್ರಗಳ ಗಂಧಗಾಳಿ ನನಗಿಲ್ಲ. ಬೆಳಿಗ್ಗೆ ಬಂದ ಗಿರಾಕಿಗೆ ಸಂಜೆಯೊಳಗೆ ಕನ್ನಡಕ ಕೊಟ್ಟರೆ ನನ್ನ ಕೆಲಸ ಮುಗಿಯಿತು. ಸರಿಯಾಗಿ ಕಾಣಿಸದಿದ್ದರೆ ಮಾರನೆಯ ದಿನವೇ ಬಂದು ಬೈಯುತ್ತಾರೆ, ಬದಲಾಯಿಸಿ ಕೊಡುತ್ತೇನೆ, ಲೆಕ್ಕ ಚುಕ್ತಾ. ಭಾವ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪ್ರೊಫೆಸರು. ಅವರು ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಬರಲು ಹನ್ನೆರಡು ವರ್ಷ ಬೇಕಿತ್ತು. ನನ್ನ ಅಂಗಡಿಯಲ್ಲಿ ಹಾಗೆ ಮಾಡಿದ್ದರೆ ಗಿರಾಕಿಗಳು ಕುರುಡರಾಗಿ ಹೋಗುತ್ತಿದ್ದರು.

ಕಾಲೇಜಿನ ಹಿಂಬದಿಯ ಕಟ್ಟಡದಲ್ಲಿ, ಮೆಟ್ಟಿಲಿಳಿದು ಹೋದರೆ ಸಿಗುವ ಕೋಣೆ ಅವರದು. ಒಂದೇ ಕಿಟಕಿ, ಅದೂ ನೆಲದ ಮಟ್ಟಕ್ಕೆ. ಅದರಲ್ಲಿ ಓಡಾಡುವವರ ಚಪ್ಪಲಿಗಳು ಮಾತ್ರ ಕಾಣುತ್ತವೆ. ಕೋಣೆಯ ನಡುವೆ ಆಳೆತ್ತರದ ಕಬ್ಬಿಣದ ಚೌಕಟ್ಟು. ಅದರ ಹೊಟ್ಟೆಯಲ್ಲಿ ಒಂದು ಸಣ್ಣ ವಿದ್ಯುತ್ ಕುಲುಮೆ. ಕುಲುಮೆಯೊಳಗೆ ಪೆನ್ಸಿಲ್ ದಪ್ಪದ ಉಕ್ಕಿನ ಕಂಬಿ. ಕಂಬಿಯನ್ನು ಒಂದು ಸನ್ನೆಗೋಲು ಎಳೆಯುತ್ತಿರುತ್ತದೆ, ಸನ್ನೆಗೋಲಿನ ಇನ್ನೊಂದು ತುದಿಗೆ ತೂಕದ ಬಿಲ್ಲೆಗಳು ಜೋತುಬಿದ್ದಿರುತ್ತವೆ. ಇಷ್ಟೇ. ಚಕ್ರ ತಿರುಗುವುದಿಲ್ಲ, ಸದ್ದಿಲ್ಲ, ಏನೂ ಆಗುವುದಿಲ್ಲ. ಚೆನ್ನಾಗಿ ಕಾದ ಉಕ್ಕು ಭಾರ ಹೊತ್ತು ನಿಂತರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಉದ್ದವಾಗುತ್ತಾ ಹೋಗುತ್ತದಂತೆ, ಹಾಗೇ ಒಂದು ದಿನ ಮುರಿಯುತ್ತದಂತೆ. ಭಾವ ಇದನ್ನು ಮೊದಲ ಸಲ ವಿವರಿಸಿದಾಗ ನಾನು, "ಅಷ್ಟಕ್ಕೆ ಯಂತ್ರ ಯಾಕೆ ಭಾವ? ನಮ್ಮಕ್ಕನ್ನ ನೋಡಿದ್ರೆ ಸಾಲದಾ?" ಎಂದಿದ್ದೆ. ಅಕ್ಕ ಕೈಯಲ್ಲಿದ್ದ ಟವೆಲ್ಲಿನಿಂದ ನನ್ನ ಬೆನ್ನಿಗೆ ಬಾರಿಸಿದಳು. ಭಾವ ನಗಲಿಲ್ಲ.

ಒಮ್ಮೆ ಹಚ್ಚಿದ ಕುಲುಮೆಯನ್ನು ಕಂಬಿ ಮುರಿಯುವವರೆಗೂ ಆರಿಸುವ ಹಾಗಿಲ್ಲ. ಬಿಸಿ ಒಂದಿಷ್ಟೂ ಏರಬಾರದು, ಇಳಿಯಬಾರದು. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಸೋತರೆ ಜನರೇಟರು, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಭಾವನ ಸ್ಕೂಟರು. ನನ್ನ ಮದುವೆಯ ಗುಂಪು ಫೋಟೋದಲ್ಲಿ ಅಕ್ಕನ ಪಕ್ಕ ಒಂದು ಖಾಲಿ ಕುರ್ಚಿಯಿದೆ. ಫೋಟೋಗ್ರಾಫರು ಎಲ್ಲರನ್ನೂ ನಿಲ್ಲಿಸುವ ಹೊತ್ತಿಗೆ ಕರೆಂಟು ಹೋಯಿತು, ಕರೆಂಟಿನ ಹಿಂದೆಯೇ ಭಾವನೂ ಹೋದರು. ಅವರ ಮಗ ಶಾಲೆಯ ನಾಟಕದಲ್ಲಿ ರಾಜನಾದಾಗಲೂ ನೋಡಲು ಹೋದದ್ದು ನಾನೇ. ಅಕ್ಕ ಆ ಕಂಬಿಯನ್ನು ಸವತಿ ಎಂದೇ ಕರೆಯುತ್ತಿದ್ದಳು. "ಏನಂತಾಳೆ ನನ್ನ ಸವತಿ?" ಎಂದು ಸಂಜೆ ಕಾಫಿ ಲೋಟ ಇಡುತ್ತಾ ಕೇಳುವಳು. "ಗಟ್ಟಿಯಾಗಿದ್ದಾಳೆ" ಎಂದು ಅವರು ತಲೆ ತಗ್ಗಿಸುವರು. ಕಾಲೇಜಿನ ಹುಡುಗರು ಅವರಿಗೆ ಇಟ್ಟ ಹೆಸರು ಕಂಬಿ ಮೇಷ್ಟ್ರು. ಮೇಷ್ಟ್ರು ಎಲ್ಲಿ ಎಂದರೆ "ಕೆಳಗೆ ಕಂಬಿ ಎಣಿಸ್ತಿದ್ದಾರೆ" ಎನ್ನುವುದು ಅಲ್ಲಿ ಹಳಸಲು ಜೋಕು.

ಆದರೆ ಭಾವ ಹುಟ್ಟಾ ಮೇಷ್ಟ್ರಲ್ಲ. ಅಕ್ಕನನ್ನು ಮದುವೆಯಾದಾಗ ಅವರು ದೊಡ್ಡದೊಂದು ಕಾಗದದ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಇಂಜಿನಿಯರು. ಜೇಬಿನಲ್ಲಿ ಟಾರ್ಚು, ಉಗುರಿನ ಸಂದಿಯಲ್ಲಿ ಮಸಿ, ಮುಖದ ತುಂಬ ನಗು. ಊಟಕ್ಕೆ ಕೂತರೆ ಕೇಳಿ ಕೇಳಿ ಬಡಿಸಿಕೊಳ್ಳುತ್ತಿದ್ದರು. ಅವರ ಕೈಕೆಳಗೆ ಒಬ್ಬ ಫೋರ್‌ಮನ್ ಇದ್ದ. ಬಾಯ್ಲರಿನ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲವೆಂದು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿಯೇ ಆಳುಗಳನ್ನು ಕರೆಯುತ್ತಿದ್ದನಾದ್ದರಿಂದ ಎಲ್ಲರಿಗೂ ಅವನು ಸಿಳ್ಳೆ ಫೋರ್‌ಮನ್. ರಜೆಯ ದಿನ ಪುಟ್ಟ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಭಾವನ ಮನೆಗೆ ಬರುವನು. ಇಬ್ಬರೂ ಜಗುಲಿಯಲ್ಲಿ ಕೂತು ಕಾರ್ಖಾನೆಯ ಮ್ಯಾನೇಜರನ್ನು ಹಿಗ್ಗಾಮುಗ್ಗಾ ಬೈದು ಹಗುರಾಗುತ್ತಿದ್ದರು. ಭಾವನಿಗೆ ಸ್ನೇಹಿತ ಅಂತ ಇದ್ದವನು ಅವನೊಬ್ಬನೇ.

ಬಾಯ್ಲರಿನಿಂದ ಆವಿಯನ್ನು ಹೊತ್ತೊಯ್ಯುವ ದಪ್ಪ ಪೈಪೊಂದಿತ್ತು. ಅಂಥ ಪೈಪಿಗೂ ಆಯುಸ್ಸು ಎಂಬುದಿದೆ. ಇಂಥ ಲೋಹ, ಇಷ್ಟು ಬಿಸಿ, ಇಷ್ಟು ಒತ್ತಡ ಎಂದರೆ ಇಷ್ಟು ವರ್ಷ ಎಂದು ಇಂಜಿನಿಯರುಗಳ ಹತ್ತಿರ ಕೋಷ್ಟಕವಿರುತ್ತದೆ. ಪೈಪಿಗೆ ಹನ್ನೆರಡು ವರ್ಷವಾಗುತ್ತಿದ್ದಾಗ ಭಾವ ಕೋಷ್ಟಕ ನೋಡಿ, ಇನ್ನೂ ಹಲವು ವರ್ಷ ಧಾರಾಳವಾಗಿ ಓಡಿಸಬಹುದು ಎಂದು ಸಹಿ ಹಾಕಿದರು. ಅದೇ ಬೇಸಿಗೆಯಲ್ಲಿ ಪೈಪು ಸಿಡಿಯಿತು. ಕೆಳಗೆ ನಿಂತಿದ್ದ ಸಿಳ್ಳೆ ಫೋರ್‌ಮನ್ನೂ ಅವನ ಸಹಾಯಕನೂ ಸ್ಥಳದಲ್ಲೇ ಹೋದರು.

ವಿಚಾರಣೆ ನಡೆಯಿತು. ದೊಡ್ಡ ದೊಡ್ಡವರು ಬಂದು ಕೂತರು. ಕೋಷ್ಟಕದ ಪ್ರಕಾರ ಪೈಪು ಸಿಡಿಯುವ ಹಾಗಿಲ್ಲ, ಆದರೂ ಸಿಡಿದಿದೆ, ಹಾಗಾದರೆ ಮಿತಿ ಮೀರಿ ಕಾಸಿರಲೇಬೇಕು, ಕಾಸುತ್ತಿದ್ದವನು ಯಾರು, ಫೋರ್‌ಮನ್. ಇದು ಅವರ ತರ್ಕ. ಅವನು ಎದ್ದುಬಂದು ಅಲ್ಲ ಎನ್ನುವ ಹಾಗಿರಲಿಲ್ಲ. ಬಿಸಿಯ ಮೀಟರು ಸ್ಫೋಟದಲ್ಲಿ ಚೂರುಚೂರಾಗಿತ್ತು. ತಪ್ಪು ಫೋರ್‌ಮನ್ನನದು ಎಂದು ಬರೆದು ಎದ್ದರು. ಭಾವನ ಸಹಿಗೆ ಒಂದು ಕೂದಲೂ ಕೊಂಕಲಿಲ್ಲ. ಕೆಲವೇ ದಿನದಲ್ಲಿ ಅವರು ಕೆಲಸ ಬಿಟ್ಟರು. ಅಕ್ಕನ ಮಡಿಲಲ್ಲಿ ಆಗ ಕೈಗೂಸು.

ಅಲ್ಲಿಂದ ಶುರುವಾಯಿತು ಸಂಶೋಧನೆಯ ಹುಚ್ಚು. ಅವರ ವಾದ ಸರಳವಾಗಿತ್ತು, ನನಗೂ ಅರ್ಥವಾಗುವಷ್ಟು. ಕೋಷ್ಟಕ ಮಾಡಿದವರು ಯಾರೂ ಹನ್ನೆರಡು ವರ್ಷ ಕಾದವರಲ್ಲ. ಹೆಚ್ಚು ಕಾಸಿ, ಬೇಗ ಮುರಿದು, ಅದರ ಮೇಲೆ ಮುಂದಿನದನ್ನು ಅಂದಾಜು ಮಾಡಿದವರು. ಅಂದಾಜು ತಪ್ಪಿದ್ದರೆ? ಲೋಹವೇ ಅಷ್ಟು ಬಾಳದಿದ್ದರೆ? ಪೈಪಿನ ಜೊತೆಯಲ್ಲೇ ಬಂದು ಬಳಸದೆ ಉಳಿದಿದ್ದ ತುಂಡೊಂದು ಕಾರ್ಖಾನೆಯ ಉಗ್ರಾಣದಲ್ಲಿ ತುಕ್ಕು ಹಿಡಿಯುತ್ತಿತ್ತು. ಭಾವ ಅದನ್ನು ಕೇಳಿ ಪಡೆದು, ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದರು. ಅಕ್ಕನ ಮಂಚದ ಕೆಳಗೆ ಅದು ಬಹಳ ಕಾಲ ಬಿದ್ದಿತ್ತು. ಗುಡಿಸುವಾಗ ಪೊರಕೆಗೆ ತಗುಲಿದಾಗಲೆಲ್ಲ ಅಕ್ಕ ಅದಕ್ಕೆ ಬೈಯುತ್ತಿದ್ದಳು.

ಆ ತುಂಡಿನಿಂದ ಕಂಬಿಗಳನ್ನು ಕೊಯ್ದರು. ನಡುವಯಸ್ಸಿನಲ್ಲಿ ಹುಡುಗರ ಜೊತೆ ಕೂತು ಡಾಕ್ಟರೇಟು ಮಾಡಿದರು, ಲೆಕ್ಚರರಾದರು, ಪ್ರೊಫೆಸರಾದರು. ಹೆಚ್ಚು ಬಿಸಿಯಲ್ಲಿ ಬೇಗ ಮುರಿಯುವ ಪರೀಕ್ಷೆಗಳನ್ನು ಅವರೂ ಮಾಡಿದರು. ಅವುಗಳ ಮೇಲೆ ಪ್ರಬಂಧ ಬಂದವು, ಶಿಷ್ಯರಿಗೆ ಪದವಿ ಬಂತು, ಭಾವನಿಗೆ ಶಾಲುಗಳು ಬಂದವು. ಉತ್ತರ ಮಾತ್ರ ಬರಲಿಲ್ಲ. ಒಂದು ಕಂಬಿ ಹೌದು ಎಂದರೆ ಇನ್ನೊಂದು ಅಲ್ಲ ಎನ್ನುತ್ತಿತ್ತು. ಕೊನೆಗೆ ಒಂದೇ ಕಂಬಿ ಉಳಿಯಿತು. ಅದನ್ನು ಪೈಪಿಗಿದ್ದಷ್ಟೇ ಬಿಸಿಯಲ್ಲಿ, ಅಷ್ಟೇ ಭಾರದಲ್ಲಿ ತೂಗುಹಾಕಿ ಕಾಯುತ್ತಾ ಕೂತರು. ಪೈಪಿನಂತೆ ಕಂಬಿಯೂ ಹನ್ನೆರಡನೆಯ ವರ್ಷ ಮುರಿದರೆ ಲೋಹವೇ ಕಳಪೆ, ಕೋಷ್ಟಕ ಸುಳ್ಳು, ಸಿಳ್ಳೆ ಫೋರ್‌ಮನ್ ನಿರಪರಾಧಿ. ಮುರಿಯದೆ ದಾಟಿಬಿಟ್ಟರೆ ಲೋಹ ಗಟ್ಟಿ, ಪೈಪು ಮಿತಿ ಮೀರಿ ಕಾದದ್ದು ನಿಜ.

ಹನ್ನೆರಡನೆಯ ವರ್ಷ ಬಂತು. ಭಾವನ ನಿವೃತ್ತಿಯೂ ಅದೇ ವರ್ಷ.

ಆ ವರ್ಷ ಅವರನ್ನು ನೋಡಲಾಗುತ್ತಿರಲಿಲ್ಲ. ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂರುವರು. ಸೂಕ್ಷ್ಮದರ್ಶಕದಲ್ಲಿ ಕಂಬಿಯ ಗುರುತನ್ನು ನೋಡಿ ನೋಡಿ ಬಲಗಣ್ಣಲ್ಲಿ ಸದಾ ನೀರು. "ಮುರಿಯೋ ಲಕ್ಷಣ ಇದೆಯಾ ಭಾವ?" ಎಂದರೆ ತಲೆಯಾಡಿಸುವರು. "ಇಲ್ಲ. ಮುರಿಯೋದಕ್ಕೆ ಮುಂಚೆ ಬೇಗ ಬೇಗ ಉದ್ದ ಆಗ್ಬೇಕು. ಇದು ಮೊದಲಿನ ಹಾಗೇ ಇದೆ." ಇಷ್ಟು ಹೇಳುವುದರಲ್ಲೇ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಹೋಗುವಾಗ ಸ್ಟೂಲಿನಿಂದ ಏಳಲು ಗಾಜಿನ ಕಪಾಟಿಗೆ ಕೈಯೂರುವರು, ಗಾಜಿನ ಮೇಲೆ ಬೆವರಿನ ಬೆರಳಚ್ಚು ಉಳಿಯುತ್ತಿತ್ತು. ನಾನು ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದೆ.

ಆಗಲೇ ಕಾಲೇಜಿಗೆ ತಪಾಸಣಾ ಸಮಿತಿ ಬರುವ ಸುದ್ದಿ ಹಬ್ಬಿತು. ಸಮಿತಿ ಒಳ್ಳೆಯ ಶ್ರೇಣಿ ಕೊಟ್ಟರೆ ಕಾಲೇಜಿನ ಭಾಗ್ಯ. ಭಾವನ ವಿಭಾಗದ ಮುಖ್ಯಸ್ಥ ಅವರದೇ ಹಳೆಯ ಶಿಷ್ಯ, ಮನೆಯಲ್ಲಿ ನಾವು ಅವನನ್ನು ಹೆಡ್ಡು ಎನ್ನುತ್ತಿದ್ದೆವು. ಕೆಟ್ಟವನಲ್ಲ. ಗುರುಗಳ ಮೇಲೆ ಭಕ್ತಿಯಿತ್ತು, ಬಾಯಲ್ಲಿ ಸದಾ ಸಕ್ಕರೆ. ಆದರೆ ತಪಾಸಣೆ ಎಂದರೆ ಅವನಿಗೆ ತಿಳಿದಿದ್ದು ಸುಣ್ಣ ಬಣ್ಣ. ಗೋಡೆಗೆ ಬಣ್ಣ, ಬೆಂಚಿಗೆ ಬಣ್ಣ, ಗಿಡದ ಕುಂಡಕ್ಕೆ ಬಣ್ಣ. ನಿಂತಿದ್ದರೆ ಮನುಷ್ಯರಿಗೂ ಬಳಿದುಬಿಡುತ್ತಿದ್ದನೇನೋ.

ಅದೇ ವಾರ ಅಕ್ಕನ ಕಣ್ಣಿನ ಪೊರೆ ತೆಗೆಸುವುದಿತ್ತು. ಭಾವ ಅಪರೂಪಕ್ಕೆ ಎರಡು ದಿನ ರಜೆ ಹಾಕಿ ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಪಕ್ಕ ಕೂತರು. ಅಕ್ಕನಿಗೆ ನಂಬಿಕೆಯೇ ಬರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಆಗಾಗ ಕೈ ಚಾಚಿ ಅವರ ತೋಳು ಮುಟ್ಟಿ ನೋಡುತ್ತಿದ್ದಳು. "ಇದ್ದೀರಾ?" ಎನ್ನುವಳು. "ಇದ್ದೀನಿ" ಎನ್ನುವರು.

ಎರಡನೆಯ ದಿನ ಮಧ್ಯಾಹ್ನ ಹೆಡ್ಡಿನ ಫೋನು ಬಂತು. ಸಂತೋಷಕ್ಕೆ ಅವನು ಕಿರುಚುತ್ತಿದ್ದ, ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಸಾರ್! ಅಭಿನಂದನೆಗಳು ಸಾರ್! ನಿಮ್ಮ ಕಂಬಿ ಮುರೀತು! ಹನ್ನೆರಡನೇ ವರ್ಷ ಸಾರ್, ನೀವು ಹೇಳ್ತಿದ್ದ ಹಾಗೇ!"

ಭಾವ ಫೋನನ್ನು ಮೆಲ್ಲಗೆ ಕೆಳಗಿಟ್ಟರು. "ಮುರೀತಂತೆ ಕಣೆ" ಎಂದರು. ಗಳಗಳನೆ ಅತ್ತುಬಿಟ್ಟರು. ಅಕ್ಕ ಅವರ ಬೆನ್ನು ನೇವರಿಸಿದಳು. ಅಳಬಾರದೆಂದು ಡಾಕ್ಟರು ಹೇಳಿದ್ದರಿಂದ ಪಾಪ ಅವಳು ತುಟಿ ಕಚ್ಚಿಕೊಂಡಳು. ಆ ಸಂಜೆ ಮನೆಯಲ್ಲಿ ಭಾವ ಎರಡನೆಯ ಸಲ ಅನ್ನ ಕೇಳಿ ಬಡಿಸಿಕೊಂಡರು. ಅವರು ಹಾಗೆ ಉಂಡದ್ದನ್ನು ನಾನು ನೋಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಕೈ ತೊಳೆದು ಬಂದು ನನ್ನ ತಲೆಯ ಮೇಲೆ ಮೊಟಕಿದರು, ಯಾವ ಕಾರಣವೂ ಇಲ್ಲದೆ.

ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋದರು. "ನೀನೂ ನೋಡು ಬಾ, ದಿನಾ ತಮಾಷೆ ಮಾಡ್ತಿದ್ದೆಯಲ್ಲ" ಎಂದರು. ಮೆಟ್ಟಿಲಿಳಿಯುವಾಗಲೇ ಬಣ್ಣದ ಘಾಟು ಮೂಗಿಗೆ ಬಡಿಯಿತು. ಕೋಣೆಯ ಗೋಡೆ ಕೆನೆಬಣ್ಣ, ಚೌಕಟ್ಟು ನೀಲಿ, ತೂಕದ ಬಿಲ್ಲೆಗಳು ಹಳದಿ, ಕುಲುಮೆ ಹಸಿರು. ಆದರೆ ಕುಲುಮೆಯ ಹಸಿರು ಅಲ್ಲಲ್ಲಿ ಗುಳ್ಳೆಯೆದ್ದು, ಕಂದಾಗಿ, ಸುಲಿದುಬಿದ್ದಿತ್ತು. ಭಾವ ಬಾಗಿಲಲ್ಲೇ ನಿಂತರು.

ಹೆಡ್ಡು ಹಲ್ಲು ಬಿಡುತ್ತಾ ಮುರಿದ ಕಂಬಿಯ ಎರಡು ತುಂಡುಗಳನ್ನು ಮಖಮಲ್ಲಿನ ಬಟ್ಟೆಯ ಮೇಲೆ ಇಟ್ಟುಕೊಂಡು ಬಂದ. ಭಾವ ಒಂದು ತುಂಡನ್ನು ಎತ್ತಿಕೊಂಡು ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ತುದಿ ಸೂಜಿಯ ಹಾಗೆ ಸಣ್ಣಗಾಗಿತ್ತು.

"ಕುಲುಮೆ ಆರಿಸಿದ್ರಾ?" ಎಂದು ಕೇಳಿದರು.

"ಪೇಂಟು ಹಿಡೀಬೇಕಲ್ಲ ಸಾರ್. ಒಂದೇ ಒಂದು ದಿನ. ಸಮಿತಿಯವರು ಮೊದಲು ನೋಡೋದೇ ನಿಮ್ಮ ಯಂತ್ರ, ಅದು ತುಕ್ಕು ಹಿಡಿದು ನಿಂತಿದ್ರೆ ನಿಮಗೇ ಅವಮಾನ ಅಂತ..."

"ಮತ್ತೆ ಹಚ್ಚಿದ್ದು ಯಾರು?"

"ಎಲೆಕ್ಟ್ರಿಷಿಯನ್ನು ಸಾರ್. ಬಿಸಿ ಹಿಡಿತದಲ್ಲಿಡೋ ಡಬ್ಬೀನ ಬಣ್ಣಕ್ಕೆ ಅಂತ ಬಿಚ್ಚಿದ್ವಲ್ಲ, ಅದು ಒಣಗೋ ತನಕ ನೇರ ಲೈನಿಗೆ ಕೊಟ್ಟಿದ್ದ."

ಭಾವ ತುಂಡನ್ನು ನನ್ನ ಕೈಗೆ ಕೊಟ್ಟರು. "ನೋಡು. ವರ್ಷಗಟ್ಟಲೆ ಸೋತು ಮುರಿದದ್ದು ಒಣ ಕಡ್ಡಿ ಮುರಿದ ಹಾಗಿರುತ್ತೆ. ಇದನ್ನ ಕೆಂಪಗೆ ಬೇಯಿಸಿ ಎಳೆದಿದ್ದಾರೆ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅವರ ಪಾಲಿನ ಸಿಟ್ಟೂ ನನಗೇ ಬಂತು. ಎಲೆಕ್ಟ್ರಿಷಿಯನ್ನನನ್ನು, ಪೇಂಟರನ್ನು, ಮಖಮಲ್ಲು ಹಿಡಿದುಕೊಂಡು ನಿಂತ ಆ ಮಹಾಶಯನನ್ನು ಸಾಲಾಗಿ ನಿಲ್ಲಿಸಿ ಹಸಿರು ಬಣ್ಣದ ಡಬ್ಬ ತಲೆಗೆ ಸುರಿಯಬೇಕೆನ್ನಿಸಿತು. ಹೆಡ್ಡಿನ ಮುಖ ಬಿಳಿಚಿಕೊಂಡಿತು. ಪಾಪ, ಆಗಲೇ ಅವನಿಗೆ ಅರ್ಥವಾದದ್ದು. ಆದರೆ ಅಷ್ಟೇ ಬೇಗ ಸುಧಾರಿಸಿಕೊಂಡ.

"ಸಾರ್, ವರ್ಷ ಹೇಗೂ ಸರಿಯಾಗಿದೆಯಲ್ಲ. ಇವತ್ತಲ್ಲ ನಾಳೆ ಮುರಿಯೋದೇ ಇತ್ತು. ಹನ್ನೆರಡು ವರ್ಷಕ್ಕೆ ಮುರೀತು ಅಂತ ಹೇಳಿಬಿಡೋಣ. ನಿಮಗೂ ಒಳ್ಳೇದು, ಕಾಲೇಜಿಗೂ ಒಳ್ಳೇದು. ಪಾಪ ಆ ಫೋರ್‌ಮನ್ನಿಗೂ ಒಳ್ಳೇದಲ್ವಾ ಸಾರ್?"

ಮನೆಗೆ ಬಂದ ಮೇಲೆ ನಾನೂ ಅದನ್ನೇ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ. "ಭಾವ, ಇದರಿಂದ ಯಾರ ಗಂಟು ಹೋಗುತ್ತೆ? ಸತ್ತವನ ಹೆಸರು ತೊಳೆಯುತ್ತೆ, ನೀವು ನೆಮ್ಮದಿಯಾಗಿ ಮನೇಲಿ ಕೂರ್ತೀರಿ. ಸುಮ್ಮನೆ ಹೂಂ ಅನ್ನಿ." ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಳು. ಭಾವ ಅಂಗಿ ಬಿಚ್ಚಿ ಮೊಳೆಗೆ ಹಾಕಿ, "ಸಮಿತಿ ನಾಡಿದ್ದು ಬರುತ್ತೆ" ಎಂದಷ್ಟೇ ಹೇಳಿ ಮಲಗಿದರು.

ಸಮಿತಿ ಬಂತು. ಮೂರು ಜನ, ಮೂವರ ಕೈಯಲ್ಲೂ ಕಾಲೇಜು ಕೊಟ್ಟ ಒಂದೇ ಥರದ ಚೀಲ. ಸಮಿತಿಯ ಅಧ್ಯಕ್ಷರು ಮಖಮಲ್ಲಿನ ಮೇಲಿನ ತುಂಡುಗಳನ್ನು ನೋಡಿ, "ಓಹೋ, ಹನ್ನೆರಡು ವರ್ಷದ ಪರೀಕ್ಷೆ! ಫಲಿತಾಂಶ ಏನು ಪ್ರೊಫೆಸರೇ?" ಎಂದು ಕೇಳಿದರಂತೆ. ಭಾವ ಹೇಳಿದರಂತೆ, "ಫಲಿತಾಂಶ ಇಲ್ಲ. ನಿಮಗೆ ತೋರಿಸೋಕೆ ಅಂತ ಯಂತ್ರಕ್ಕೆ ಬಣ್ಣ ಬಳಿದರು, ಆಗ ಹೆಚ್ಚು ಕಾದು ಮುರೀತು. ಇದರಿಂದ ಏನೂ ಗೊತ್ತಾಗಲ್ಲ. ಬೇರೆ ಕಂಬಿಯೂ ಇಲ್ಲ." ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೆಡ್ಡಿನ ಮುಖ ನೋಡಿ, ಮುಂದಿನ ಕೋಣೆ ಯಾವುದು ಎಂದರಂತೆ. ಕಾಲೇಜಿಗೆ ಒಳ್ಳೆಯ ಶ್ರೇಣಿಯೇ ಬಂತು. ಪ್ರಯೋಗಾಲಯಗಳ ಅಚ್ಚುಕಟ್ಟಿಗೆ ವಿಶೇಷ ಮೆಚ್ಚುಗೆಯಿತ್ತು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಹೆಡ್ಡೇ ಸಂಭ್ರಮದಿಂದ ಎಲ್ಲರಿಗೂ ಓದಿ ಹೇಳಿದ.

ಬೀಳ್ಕೊಡುಗೆಯ ಹಾರ, ಗಡಿಯಾರ, ಭಾಷಣ ಎಲ್ಲ ಮುಗಿದ ಮಾರನೆಯ ದಿನ ನಾನು ಅಕ್ಕನ ಕಣ್ಣಿಗೆ ಹೊಸ ಕನ್ನಡಕ ಅಳೆಯಲು ಹೋಗಿದ್ದೆ. ಭಾವ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಕೈಯಲ್ಲಿ ಪೇಪರಿತ್ತು, ಓದುತ್ತಿರಲಿಲ್ಲ. ಅಕ್ಕ ಅವರ ಕಡೆ ತಿರುಗಿ, "ಹಾಗಾದ್ರೆ ಇನ್ನು ಗೊತ್ತಾಗೋದೇ ಇಲ್ವಾ?" ಎಂದಳು.

"ಇಲ್ಲ."

"ಕಂಬಿ ಹೋಗಲಿ. ನಿಮಗೆ ಏನನ್ಸುತ್ತೆ? ತಪ್ಪು ಯಾರದು?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ನೇರವಾಗಿ ಕೇಳಿರಲಿಲ್ಲ. ನಾವೆಲ್ಲ ಕಂಬಿಯ ಬಗ್ಗೆಯೇ ಕೇಳುತ್ತಿದ್ದೆವು. ಭಾವ ಪೇಪರನ್ನು ಮಡಚಿದರು, ಇನ್ನೊಮ್ಮೆ ಮಡಚಿದರು.

"ಮೀಟರು ಕಮ್ಮಿ ತೋರಿಸ್ತಿತ್ತು" ಎಂದರು. "ಪೈಪು ಸಿಡಿಯೋಕೆ ಒಂದು ವಾರ ಮುಂಚೆ ಮೆಟ್ಟಿಲ ಹತ್ರ ನನ್ನ ನಿಲ್ಲಿಸಿ ಆ ಫೋರ್‌ಮನ್ನೇ ಹೇಳಿದ್ದ. ಮೀಟರಿನ ಮೇಲೆ ನನಗೆ ನಂಬಿಕೆಯಿಲ್ಲ ಸಾರ್, ಪೈಪಿನ ಹತ್ರ ನಿಂತ್ರೆ ಬಿಸಿ ಜಾಸ್ತಿ ಅನ್ಸುತ್ತೆ, ಒಂದ್ಸಲ ನಿಲ್ಲಿಸಿ ನೋಡಿಸೋಣ ಅಂತ. ಸಹಿ ಹಾಕಿ ಇನ್ನೂ ಮಸಿ ಆರಿರಲಿಲ್ಲ. ಒಂದು ಮೀಟರಿಗಾಗಿ ಬಾಯ್ಲರು ನಿಲ್ಲಿಸಿದ್ರೆ ಮ್ಯಾನೇಜರು ನನ್ನ ಜನ್ಮ ಜಾಲಾಡ್ತಿದ್ದ. ಮುಂದಿನ ಸಲ ನಿಲ್ಲಿಸಿದಾಗ ನೋಡೋಣ ಬಿಡು ಅಂದೆ."

ನನ್ನ ಕೈಯಲ್ಲಿದ್ದ ಅಳತೆಪಟ್ಟಿ ಹಾಗೇ ನಿಂತಿತು.

"ಲೋಹದ್ದೇ ತಪ್ಪು ಅಂತ ಕಂಬಿ ಹೇಳಿಬಿಟ್ರೆ ಅವನ ಹೆಸರೂ ಉಳಿಯುತ್ತೆ, ನಾನು ಬಾಯಿ ಬಿಡೋದೂ ತಪ್ಪುತ್ತೆ ಅಂದ್ಕೊಂಡೆ. ಬೇರೇನಿಲ್ಲ" ಎಂದರು ಭಾವ.

ನನಗೆ ಮೈಯೆಲ್ಲ ಉರಿಯಿತು. ಆ ಡಾಕ್ಟರೇಟು, ಆ ಶಾಲುಗಳು, ನನ್ನ ಮದುವೆಯ ಖಾಲಿ ಕುರ್ಚಿ, ಮಂಚದ ಕೆಳಗಿನ ಗೋಣಿಚೀಲ, ಎಲ್ಲವೂ ಒಂದು ಮಾತು ಆಡದೆ ತಪ್ಪಿಸಿಕೊಳ್ಳುವುದಕ್ಕಾಗಿ. ಬಾಯಿಗೆ ಬಂದದ್ದನ್ನು ಅಂದೂಬಿಡುತ್ತಿದ್ದೆ. ಅಕ್ಕ ಕೈಯೆತ್ತಿ ನನ್ನನ್ನು 'ಸುಮ್ಮನಿರು' ಎಂಬಂತೆ ತಡೆದಳು. ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಪರೇಷನ್ನಾದ ಕಣ್ಣು ಇನ್ನೂ ಕೆಂಪಗಿತ್ತು.

"ಅವನ ಹೆಂಡತಿ ಎಲ್ಲಿದ್ದಾಳೆ ಗೊತ್ತಾ?"

"ಗೊತ್ತು."

"ಹೋಗಿ ಹೇಳಿ ಬನ್ನಿ. ನನಗೆ ಹೇಳಿ ಏನು ಬಂತು?" ನನ್ನ ಕಡೆ ತಿರುಗಿ, "ನೀನೂ ಜೊತೆಗೆ ಹೋಗು. ಒಬ್ಬರೇ ಹೋದ್ರೆ ಅರ್ಧ ದಾರೀಲಿ ವಾಪಸ್ ಬರ್ತಾರೆ" ಎಂದಳು.

ಬಸ್ಸಿನಲ್ಲಿ ಹೋಗುವಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಟೈರು ರಿಪೇರಿ ಅಂಗಡಿಯ ಮೇಲೆ ಒಂದು ಸಣ್ಣ ಮನೆ. ಹೊರಗೋಡೆಗಂಟಿದ ಕಿರಿದಾದ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಭಾವ ನಿಂತು ಉಸಿರು ತೆಗೆದುಕೊಂಡರು. ಒಳಗೆ ಫೋರ್‌ಮನ್ನನ ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಶಾಲೆಯ ಸಮವಸ್ತ್ರದ ಅಂಚು ಬಿಚ್ಚುತ್ತಿದ್ದಳು. ಸುತ್ತ ನೀಲಿ ಬಟ್ಟೆಯ ರಾಶಿ. ಭಾವನನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ಬನ್ನಿ ಸಾರ್" ಎಂದು ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಎತ್ತಿ ನೆಲಕ್ಕಿಟ್ಟಳು.

ಭಾವ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದರು. ಮೀಟರು, ಮೆಟ್ಟಿಲು, ಮುಂದಿನ ಸಲ ನೋಡೋಣ ಎಂದದ್ದು. ಹೇಳಿ ಮುಗಿಸಿ ಗೋಡೆಗೆ ಕೈಯೂರಿದರು. ನಾನು ಬೆನ್ನಿಗೆ ಕೈ ಕೊಟ್ಟೆ. ಅಷ್ಟು ಸಿಟ್ಟಿದ್ದರೂ ಆ ಗಳಿಗೆಯಲ್ಲಿ ಅವರ ಬಗ್ಗೆ ನನಗೆ ಹೆಮ್ಮೆ ಅನ್ನಿಸಿತು. ಅಂತೂ ಬಾಯಿ ಬಿಟ್ಟರಲ್ಲ ಎಂದುಕೊಂಡೆ.

ಅವಳು ದಾರ ಬಿಚ್ಚುವುದನ್ನು ನಿಲ್ಲಿಸಿರಲಿಲ್ಲ.

"ನನಗೆ ಗೊತ್ತು ಸಾರ್" ಎಂದಳು. "ನಿಮಗೆ ಹೇಳಿದ ದಿನಾನೇ ಮನೆಗೆ ಬಂದು ನನಗೂ ಹೇಳಿದ್ರು. ಮೀಟರು ಸರಿಯಿಲ್ಲ, ಇಂಜಿನಿಯರಿಗೆ ಹೇಳಿದ್ದೀನಿ, ಅವರು ನೋಡ್ಕೋತಾರೆ ಅಂತ. ವಿಚಾರಣೇಲಿ ನಾನು ಅದನ್ನೇ ಹೇಳಿದೆ. ಗಂಡ ಹೇಳಿದ್ದು, ನೀನು ಕಂಡಿದ್ದಲ್ಲ ಅಂತ ಅವರು ಬರ್ಕೊಳ್ಳಲೇ ಇಲ್ಲ." ಹಲ್ಲಿನಿಂದ ದಾರ ಕತ್ತರಿಸಿದಳು. "ನೀವು ಅಲ್ಲೇ ಕೂತಿದ್ರಿ ಸಾರ್. ನಾನು ನಿಮ್ಮ ಮುಖಾನೇ ನೋಡ್ತಿದ್ದೆ."

ಇದನ್ನು ಭಾವ ಅಕ್ಕನಿಗೂ ಹೇಳಿರಲಿಲ್ಲ. ಅವರ ಬೆನ್ನ ಮೇಲಿದ್ದ ನನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅವರು ಕೈ ಮುಗಿಯಲು ಹೋದರು. "ಅಮ್ಮ, ನನ್ನ..." ಎಂದು ಶುರು ಮಾಡಿದರು.

"ಅದೆಲ್ಲ ಆಮೇಲೆ ಸಾರ್. ಮೊದಲು ಕೂತ್ಕೊಳ್ಳಿ" ಎಂದು ಅವಳು ಕುರ್ಚಿ ತೋರಿಸಿದಳು. "ನನ್ನ ಮಗಳಿದ್ದಾಳೆ. ಜೊತೆಗೆ ಸತ್ತನಲ್ಲ ಸಹಾಯಕ, ಅವನ ಮಗ ಇವಳ ಕ್ಲಾಸಿನಲ್ಲೇ ಇದ್ದ. ನಿಮ್ಮಪ್ಪ ನಮ್ಮಪ್ಪನ್ನ ಸುಟ್ಟ ಅಂತ ದಿನಾ ಅಳ್ತಿದ್ದ. ನಾನು ಎಷ್ಟು ಹೇಳಿದ್ರೂ ಇವಳು ನಂಬಲಿಲ್ಲ. ಗಂಡನ್ನ ಬಿಟ್ಟುಕೊಡೋಕಾಗದೆ ಹೇಳ್ತೀಯ ಅಂತಾಳೆ. ಅವಳಪ್ಪನ ಫೋಟೋ ಈ ಮನೆ ಗೋಡೆ ಮೇಲೆ ಹಾಕೋಕೆ ಇವತ್ತಿಗೂ ಬಿಟ್ಟಿಲ್ಲ."

ಎದ್ದು ಒಳಬಾಗಿಲಿನ ಕಡೆ ಹೋಗಿ ಕೂಗಿದಳು. ಮೂವತ್ತರ ಹತ್ತಿರದ ಹೆಂಗಸೊಬ್ಬಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ನಮ್ಮಿಬ್ಬರನ್ನೂ ನೋಡಿದಳು. "ಯಾರಮ್ಮ ಇವರು?"

"ಕೂತ್ಕೊ. ಇವರು ಏನೋ ಹೇಳೋಕೆ ಬಂದಿದ್ದಾರೆ." ತಾಯಿ ಮತ್ತೆ ಮಿಷನ್ನಿನ ಮುಂದೆ ಕೂತಳು. ಈ ಸಲ ಬಟ್ಟೆ ಕೈಗೆತ್ತಿಕೊಳ್ಳಲಿಲ್ಲ. "ಹೇಳಿ ಸಾರ್. ಮೊದಲಿಂದ ಹೇಳಿ."

ಭಾವ ಕುರ್ಚಿಯಲ್ಲಿ ಕೂತರು. ಆಮೇಲೆ ತಲೆಯೆತ್ತಿ ಅವಳನ್ನೇ ನೋಡಿದರು.

"ನಿಮ್ಮಪ್ಪ ನನಗೆ ಮೊದಲೇ ಹೇಳಿದ್ರಮ್ಮ" ಎಂದರು.